ಕುಡಿತ ಬಿಡಲು ಯಾವ ಗುಂಪಿಗೆ ಸೇರಬೇಕು? ಎಎ, ನವಜೀವನ ಸಮಿತಿ, ಆಸ್ಪತ್ರೆ, ಆನ್‌ಲೈನ್ ಮೀಟಿಂಗ್‌ಗಳ ಹೋಲಿಕೆ

"ಕುಡಿತ ಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೀನಿ, ಆದರೆ ಎಲ್ಲಿಗೆ ಹೋಗಲಿ?" ಹೀಗೆ ಕೇಳುವವರಿಗೆ ನಾಲ್ಕು ಕಡೆಯಿಂದ ನಾಲ್ಕು ಉತ್ತರ ಬರುತ್ತವೆ. ಡಾಕ್ಟರು ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರೇ ಸೇರಿ ನಡೆಸುವ ಗುಂಪು) ಮೀಟಿಂಗ್‌ಗೆ ಹೋಗಿ ಅನ್ನುತ್ತಾರೆ. ಅಮ್ಮ ಧರ್ಮಸ್ಥಳದವರ ಶಿಬಿರಕ್ಕೆ ಸೇರು ಅನ್ನುತ್ತಾರೆ. ಗೆಳೆಯ ಜೂಮ್ ಲಿಂಕ್ ಕಳಿಸುತ್ತಾನೆ. ಪಕ್ಕದ ಮನೆಯವರು ನಿಮ್ಹಾನ್ಸ್ ಹೆಸರು ಹೇಳುತ್ತಾರೆ. ಎಲ್ಲರೂ ಒಳ್ಳೆಯದಕ್ಕೇ ಹೇಳುವುದು. ಆದರೆ ಕೇಳಿದವರ ತಲೆ ಕೆಟ್ಟು, "ನಾಳೆ ನೋಡೋಣ" ಅಂತಾಗುತ್ತದೆ. ಆ ನಾಳೆಯಲ್ಲೇ ಇನ್ನೊಂದು ವರ್ಷ ಹೋಗುತ್ತದೆ.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಕುಡಿತದ ಸಮಸ್ಯೆಗೆ ಸಹಾಯ ಬೇಕು. ಕುಡಿತಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ ಯಾವುದಾದರೂ ಸಹಾಯ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಅಂದರೆ ದಾರಿ ಹುಡುಕುತ್ತಿರುವ ನೀವು ಈಗಾಗಲೇ ಕಷ್ಟದ ಒಂದು ಹೆಜ್ಜೆ ಇಟ್ಟಿದ್ದೀರಿ. ನಮ್ಮ ಮನೆಯಲ್ಲೂ ಇದು ಬಂದು ಹೋದ ವಿಷಯ. ಹಾಗಾಗಿ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಮುಂದಿನ ವಾರ, ಅದರ ಮುಂದಿನ ವಾರವೂ ನಿಮ್ಮಿಂದ ಹೋಗಲು ಆಗುವ ಗುಂಪನ್ನು ಆರಿಸಿ. ಸಿದ್ಧಾಂತ, ಹೆಸರು, ಖ್ಯಾತಿ ಎಲ್ಲ ಆಮೇಲೆ.

ಗುಂಪಿಗೂ ಮೊದಲು ದೇಹ

ಬೆಳಗ್ಗೆ ಎದ್ದಾಗ ಕೈ ನಡುಗುತ್ತದೆಯೇ? ನಡುಕ ನಿಲ್ಲಿಸಲು ಒಂದು ಗುಟುಕು ಬೇಕೇ? ಹಿಂದೆ ಯಾವಾಗಲಾದರೂ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ? ಹಾಗಿದ್ದರೆ ಮನೆಯಲ್ಲೇ ಒಮ್ಮೆಗೇ ನಿಲ್ಲಿಸಬೇಡಿ. ದಿನವೂ ಜಾಸ್ತಿ ಕುಡಿಯುವವರು ಥಟ್ಟನೆ ಬಿಟ್ಟರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಜ್ವರ, ಬೆವರು, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಇದರಿಂದ ಪ್ರಾಣಕ್ಕೇ ಅಪಾಯವಾಗಬಹುದು. ಜಿಲ್ಲಾ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಮನೋರೋಗ ವಿಭಾಗದಲ್ಲಿ ಇದಕ್ಕೆ ಔಷಧಿ ಇದೆ. ಕೆಲವು ದಿನ ಮಾತ್ರೆ, ಜೊತೆಗೆ ವಿಟಮಿನ್ ಬಿ1 ಕೊಟ್ಟು ಈ ಘಟ್ಟ ದಾಟಿಸುತ್ತಾರೆ. ಆಮೇಲಿನ ತಿಂಗಳುಗಳಿಗೆ ಬೇಕಾಗುವುದು ಗುಂಪು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. "ಕುಡಿಯುವವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಎಂಬ ಜಾಹೀರಾತುಗಳನ್ನು ನಂಬಬೇಡಿ. ಅಂಥ ಪುಡಿಯಲ್ಲಿ ಏನಿರುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಡೈಸಲ್ಫಿರಾಮ್‌ನಂಥ ಔಷಧಿ ದೇಹದಲ್ಲಿದ್ದಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಕುಸಿಯಬಹುದು. ವೈದ್ಯರು ಅದನ್ನು ಕೊಡುವುದು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದೇ.

ಏನೇನು ನೋಡಬೇಕು

ಮೊದಲನೆಯದು ಸಮಯ ಮತ್ತು ದಾರಿ. ನೀವು ಸಂಜೆ ಏಳಕ್ಕೆ ಕುಡಿಯಲು ಕೂರುವವರಾದರೆ ಸಂಜೆ ಏಳಕ್ಕೆ ನಡೆಯುವ ಮೀಟಿಂಗ್ ನಿಮಗೆ ಎರಡು ಪಟ್ಟು ಉಪಯೋಗಕ್ಕೆ ಬರುತ್ತದೆ. ಆ ಹೊತ್ತೂ ಕಳೆಯುತ್ತದೆ, ಮಾತೂ ಸಿಗುತ್ತದೆ. ದಾರಿಯನ್ನೂ ನೋಡಿ. ನಿಮ್ಮ ಹಳೆಯ ಬಾರಿನ ಮುಂದೆಯೇ ಹಾದು ಹೋಗಬೇಕಾದರೆ ಎರಡು ಸ್ಟಾಪ್ ದೂರದ ಇನ್ನೊಂದು ಮೀಟಿಂಗ್ ವಾಸಿ. ಗಾರ್ಮೆಂಟ್ಸ್, ಆಟೊ, ನೈಟ್ ಶಿಫ್ಟ್ ಐಟಿ ಕೆಲಸದವರಿಗೆ ಇದು ಇನ್ನೂ ಮುಖ್ಯ. ಸಂಬಳದ ದಿನ, ಶನಿವಾರ ಸಂಜೆ ನಡೆಯುವ ಮೀಟಿಂಗ್ ಯಾವುದು ಅಂತ ತಿಳಿದಿಟ್ಟುಕೊಳ್ಳಿ.

ಎರಡನೆಯದು ಭಾಷೆ. ಇಂಗ್ಲಿಷ್ ಅರ್ಥವಾಗುತ್ತದೆ ಅನ್ನುವುದು ಬೇರೆ, ಹೆಂಡತಿಯ ಒಡವೆ ಅಡವಿಟ್ಟ ನಾಚಿಕೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಬೇರೆ. ಬೈಗುಳ, ಅಳು, ಪ್ರಾರ್ಥನೆ ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯ ಗುಂಪಿಗೆ ನನ್ನ ಮೊದಲ ಮತ.

ಆಮೇಲೆ ದೇವರ ವಿಷಯ, ಗುಟ್ಟು ಉಳಿಯುವ ವಿಷಯ, ಖರ್ಚು. ಕೊನೆಯದಾಗಿ, ಅಲ್ಲಿ ಯಾರು ಕೂತಿರುತ್ತಾರೆ ಅನ್ನುವುದು. ಹೆಂಗಸರಿಗೆ, 25ರ ಒಳಗಿನವರಿಗೆ ಇದು ಸಣ್ಣ ವಿಷಯವಲ್ಲ.

ಎಎ: ದುಡ್ಡಿಲ್ಲ, ಅರ್ಜಿಯಿಲ್ಲ

ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಊರಿನಲ್ಲಿ. ಶೇರು ಮಾರುಕಟ್ಟೆಯಲ್ಲಿ ಕೆಲಸ ಮಾಡಿದ್ದ ಒಬ್ಬರು, ಸರ್ಜನ್ ಒಬ್ಬರು, ಇಬ್ಬರೂ ಕುಡಿತದಿಂದ ಸೋತವರು. ಒಬ್ಬರ ಜೊತೆ ಒಬ್ಬರು ಮಾತಾಡುತ್ತಾ ಕುಡಿಯದೆ ಉಳಿಯಬಹುದು ಅಂತ ಕಂಡುಕೊಂಡರು. ಭಾರತಕ್ಕೆ ಬಂದದ್ದು 1957ರಲ್ಲಿ. ಸೇರಲು ಒಂದೇ ಷರತ್ತು: ಕುಡಿತ ನಿಲ್ಲಿಸಬೇಕೆಂಬ ಆಸೆ. ಫೀಸು ಇಲ್ಲ. ಮೀಟಿಂಗ್‌ನಲ್ಲಿ ಸದಸ್ಯರು ಕೈಲಾದಷ್ಟು ಹಾಕುತ್ತಾರೆ, ಹಾಕದಿದ್ದರೂ ಯಾರೂ ಕೇಳುವುದಿಲ್ಲ. ಹೊರಗಿನವರಿಂದ ದೇಣಿಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ನಿಮಗೆ ಏನನ್ನೋ ಮಾರುವ ಅಗತ್ಯ ಅವರಿಗಿಲ್ಲ.

ಮೀಟಿಂಗ್ ಒಂದರಿಂದ ಒಂದೂವರೆ ಗಂಟೆ. ನಡೆಸುವವರೂ ಸದಸ್ಯರೇ. ಸ್ವಲ್ಪ ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳಿ ತಮ್ಮ ಕಥೆ ಹೇಳುತ್ತಾರೆ. ಇದಕ್ಕೆ ಶೇರಿಂಗ್ ಅನ್ನುತ್ತಾರೆ. ಮಧ್ಯೆ ಬಾಯಿ ಹಾಕುವುದು, ವಾದ ಮಾಡುವುದು ಪದ್ಧತಿಯಲ್ಲ. "ನಾನು ಇವತ್ತು ಸುಮ್ನೆ ಕೇಳ್ತೀನಿ" ಅಂದರೆ ಸಾಕು, ಯಾರೂ ಒತ್ತಾಯಿಸುವುದಿಲ್ಲ. ಕೆಲವು ದಿನ ಹೋದ ಮೇಲೆ ಒಬ್ಬ ಹಳೆಯ ಸದಸ್ಯರನ್ನು ಸ್ಪಾನ್ಸರ್ ಆಗಿ ಕೇಳಿಕೊಳ್ಳಬಹುದು. ಕುಡಿಯಬೇಕು ಅನ್ನಿಸಿದ ಕ್ಷಣ ಫೋನ್ ಮಾಡಬಹುದಾದ ವ್ಯಕ್ತಿ ಅವರು. ಎಎಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು ಅನ್ನಿಸಿದ್ದು ಇದೇ. ರಾತ್ರಿ ಹತ್ತಕ್ಕೆ ಯಾವ ಕ್ಲಿನಿಕ್ ಫೋನ್ ಎತ್ತುತ್ತದೆ ಹೇಳಿ?

ಮೀಟಿಂಗ್ ಪಟ್ಟಿಯಲ್ಲಿ "ಓಪನ್", "ಕ್ಲೋಸ್ಡ್" ಅಂತ ಇರುತ್ತದೆ. ಓಪನ್‌ಗೆ ಮನೆಯವರು, ಆಸಕ್ತರು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಒಬ್ಬರೇ ಹೋಗಲು ಧೈರ್ಯ ಬರದಿದ್ದರೆ ಮೊದಲ ಸಲ ಓಪನ್ ಮೀಟಿಂಗ್‌ಗೆ ಅಣ್ಣನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗಿ. ಬೆಂಗಳೂರಿನಲ್ಲಿ ಕನ್ನಡ, ಇಂಗ್ಲಿಷ್, ತಮಿಳು ಹೀಗೆ ಬೇರೆ ಬೇರೆ ಭಾಷೆಯ ಗುಂಪುಗಳಿವೆ. ಹೊರಡುವ ಮೊದಲು ಭಾಷೆ ಕೇಳಿಕೊಳ್ಳಿ. ಎಷ್ಟೋ ಮೀಟಿಂಗ್ ಚರ್ಚ್ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುತ್ತವೆ. ಅದು ಜಾಗದ ಅನುಕೂಲಕ್ಕೆ ಅಷ್ಟೇ, ಮತಕ್ಕೂ ಅದಕ್ಕೂ ಸಂಬಂಧವಿಲ್ಲ.

ದೇವರ ಮಾತು ಬರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಕುಡಿತ ಬಿಡಲು ಎಎ ಹೇಳುವ 12 ಹೆಜ್ಜೆಗಳಲ್ಲಿ "ನಾವು ಅರ್ಥ ಮಾಡಿಕೊಂಡಂತೆ" ದೇವರು ಎಂಬ ಮಾತಿದೆ. ಕೆಲವರಿಗೆ ಅದು ಮಂಜುನಾಥ, ಕೆಲವರಿಗೆ ಅಲ್ಲಾ, ಕೆಲವರಿಗೆ ಆ ಗುಂಪೇ. ದೇವರನ್ನು ನಂಬದವರೂ ಬಂದು ಉಳಿದಿದ್ದಾರೆ. ಆದರೂ ಪ್ರಾರ್ಥನೆ ಕೇಳಿದರೇ ಮೈ ಉರಿಯುತ್ತದೆ ಅನ್ನುವವರು ಕೆಳಗಿನ ಬೇರೆ ದಾರಿಗಳನ್ನೂ ನೋಡಿ.

"ಇದು ನಿಜಕ್ಕೂ ಕೆಲಸ ಮಾಡುತ್ತಾ?" ಎಂಬ ಪ್ರಶ್ನೆ ನ್ಯಾಯವಾದದ್ದೇ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು, 10,565 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಎಎಗೆ ಸೇರಿಸಿ ಅಲ್ಲಿ ತೊಡಗಿಸಿಕೊಳ್ಳುವಂತೆ ಮಾಡುವ ಕ್ರಮಬದ್ಧ ಚಿಕಿತ್ಸೆಯು, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಹೆಸರಾಂತ ಮಾತಿನ ಚಿಕಿತ್ಸೆಗಳಿಗಿಂತ ಮುಂದಿತ್ತು. ಆ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕದವು ಅನ್ನುವುದನ್ನೂ ನೆನಪಿಡಿ.

ಕೊರತೆಗಳೂ ಇವೆ. ಅಲ್ಲಿ ವೃತ್ತಿಪರರಿಲ್ಲ. ಗುಂಪಿನಿಂದ ಗುಂಪಿಗೆ ವಾತಾವರಣ ಬದಲಾಗುತ್ತದೆ. ಕೆಲವು ಹಳೆಯ ಸದಸ್ಯರು "ಮಾತ್ರೆಯೂ ಒಂದು ಚಟವೇ, ಬಿಟ್ಟುಬಿಡು" ಅನ್ನುವುದುಂಟು. ಅದು ಎಎಯ ನಿಲುವಲ್ಲ. ಔಷಧಿಯ ಮಾತು ಡಾಕ್ಟರದ್ದು, ಸದಸ್ಯರು ಡಾಕ್ಟರಾಗಬಾರದು ಅಂತ ಎಎಯ ಸಾಹಿತ್ಯವೇ ಹೇಳುತ್ತದೆ. ಯಾರಾದರೂ ಹಾಗೆ ಹೇಳಿದರೆ ಮಾತ್ರೆ ಬಿಡಬೇಡಿ, ಬೇಕಾದರೆ ಆ ಗುಂಪು ಬಿಡಿ.

ಮದ್ಯವರ್ಜನ ಶಿಬಿರ ಮತ್ತು ನವಜೀವನ ಸಮಿತಿ

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುವ ಎಂಟು ದಿನದ ಶಿಬಿರಗಳ ಬಗ್ಗೆ ನೀವು ಕೇಳಿರುತ್ತೀರಿ. ಊರಿನ ಸಭಾಭವನದಲ್ಲೋ ಕಲ್ಯಾಣ ಮಂಟಪದಲ್ಲೋ ಕುಡಿಯುವವರು ಒಟ್ಟಿಗೆ ಇದ್ದು ಯೋಗ, ಭಜನೆ, ಆಪ್ತಸಲಹೆ, ಕುಟುಂಬದವರೊಂದಿಗೆ ಮಾತುಕತೆ ಇವುಗಳಲ್ಲಿ ದಿನ ಕಳೆಯುತ್ತಾರೆ. ಊರಿನ ಹಿರಿಯರೇ ಸಮಿತಿ ಮಾಡಿಕೊಂಡು ನಿಲ್ಲುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಲಾಯಿಲದಲ್ಲಿ ಕಾಯಂ ಕೇಂದ್ರವೂ ಇದೆ. ಶಿಬಿರ ಮುಗಿಸಿದವರನ್ನು ನವಜೀವನ ಸದಸ್ಯರು ಅನ್ನುತ್ತಾರೆ, ಅವರು ಕೂಡುವ ಗುಂಪೇ ನವಜೀವನ ಸಮಿತಿ. ನೂರು ದಿನ ಕುಡಿಯದೆ ಇದ್ದವರಿಗೆ ಶತದಿನೋತ್ಸವ ಮಾಡುತ್ತಾರೆ.

ಎಎಗೂ ಇದಕ್ಕೂ ದೊಡ್ಡ ವ್ಯತ್ಯಾಸ ಗುಟ್ಟಿನದ್ದು. ಎಎಯಲ್ಲಿ ನೀವು ಯಾರೂ ಅಲ್ಲ, ಬರೀ ಒಂದು ಹೆಸರು. ಶಿಬಿರದಲ್ಲಿ ಊರಿಗೇ ಗೊತ್ತಾಗುತ್ತದೆ. ಇದು ಕೆಲವರಿಗೆ ವರ. ಊರಿನವರ ಎದುರು "ಇನ್ನು ಮುಟ್ಟಲ್ಲ" ಅಂದವನಿಗೆ ಮದುವೆ ಮನೆಯಲ್ಲಿ ಯಾರೂ ಗ್ಲಾಸ್ ಕೊಡುವುದಿಲ್ಲ. ಹೆಂಡತಿ ಮಕ್ಕಳಿಗೂ ಊರಿನ ಬೆಂಬಲ ಸಿಗುತ್ತದೆ. ಆದರೆ ಶಾಲೆಯ ಮೇಷ್ಟ್ರಿಗೆ, ಬ್ಯಾಂಕ್ ಕೆಲಸದವರಿಗೆ, ಮದುವೆಯಾಗಬೇಕಾದ ಹುಡುಗನಿಗೆ ಅದೇ ಭಾರವಾಗಬಹುದು. ಎಂಟು ದಿನ ಕೂಲಿ ಬಿಟ್ಟು ಇರಬೇಕು ಅನ್ನುವುದೂ ಲೆಕ್ಕಕ್ಕೆ ಬರಬೇಕು. ಭಜನೆ, ಪೂಜೆ ಇರುವುದರಿಂದ ಆಸ್ತಿಕರಿಗೆ ಇದು ಮನೆಯ ಹಾಗೆ ಅನ್ನಿಸುತ್ತದೆ. ಎಲ್ಲರಿಗೂ ಅನ್ನಿಸಬೇಕೆಂದಿಲ್ಲ.

ಸೇರಿಸುವ ಮೊದಲು ಎರಡು ವಿಷಯ ಕೇಳಿ. ಮೊದಲ ದಿನ ವೈದ್ಯರು ನೋಡುತ್ತಾರೆಯೇ, ರಾತ್ರಿ ಫಿಟ್ಸ್ ಬಂದರೆ ವ್ಯವಸ್ಥೆ ಏನು? ಶಿಬಿರದ ನಂತರ ನಮ್ಮ ಊರಿನ ಸಮಿತಿ ಎಷ್ಟು ದಿನಕ್ಕೊಮ್ಮೆ ಸೇರುತ್ತದೆ? ಎರಡನೆಯದು ಹೆಚ್ಚು ಮುಖ್ಯ. ಎಂಟು ದಿನ ಬೇಲಿಯೊಳಗೆ ಕುಡಿಯದೆ ಇರುವುದಕ್ಕಿಂತ ಒಂಬತ್ತನೇ ದಿನ ಪೇಟೆಗೆ ಹೋಗಿ ಬರುವುದು ಕಷ್ಟ.

ಆಸ್ಪತ್ರೆಯ ಗುಂಪುಗಳು

ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಮೆಡಿಕಲ್ ಕಾಲೇಜುಗಳು, ಕೇಂದ್ರ ಸರ್ಕಾರದ ಅನುದಾನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳು ಈ ಸಾಲಿಗೆ ಬರುತ್ತವೆ. ಇಲ್ಲಿ ಗುಂಪನ್ನು ನಡೆಸುವವರು ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು. ಆಸೆ ಬಂದಾಗ ಏನು ಮಾಡಬೇಕು, ಯಾವ ಸನ್ನಿವೇಶ ತಪ್ಪಿಸಬೇಕು ಅಂತ ಹಂತಹಂತವಾಗಿ ಕಲಿಸುತ್ತಾರೆ. ಜೊತೆಗೆ, ಕುಡಿತದಿಂದ ದೂರ ಉಳಿಯಲು ನೆರವಾಗುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಿ ಬೇಕೇ ಅಂತಲೂ ಅಲ್ಲೇ ನೋಡುತ್ತಾರೆ. ಕುಡಿತದ ಜೊತೆ ಖಿನ್ನತೆ, ಭಯ, ಸಾಯಬೇಕೆಂಬ ಯೋಚನೆ ಇರುವವರು ಬೇರೆ ಆಯ್ಕೆ ಹುಡುಕುತ್ತಾ ಕೂರಬಾರದು, ಇಲ್ಲಿಂದಲೇ ಶುರು ಮಾಡಬೇಕು.

ಗುಟ್ಟಿನ ವಿಷಯದಲ್ಲೂ ಇದಕ್ಕೆ ಒಂದು ಬಲವಿದೆ. ಎಎಯಲ್ಲಿ ಗುಟ್ಟು ಕಾಯುವುದು ಸಂಪ್ರದಾಯ. ಆಸ್ಪತ್ರೆಯಲ್ಲಿ ಅದು ಕಾನೂನು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ರೋಗಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕು, ಕುಡಿತದಿಂದ ಬರುವ ಮಾನಸಿಕ ತೊಂದರೆಗಳೂ ಆ ಕಾಯ್ದೆಯೊಳಗೆ ಬರುತ್ತವೆ.

ತೊಂದರೆ ಏನೆಂದರೆ ಹಗಲು ಹೊತ್ತು, ಉದ್ದದ ಸಾಲು, ಹೋದ ದಿನದ ಕೂಲಿ. ಡಿಸ್ಚಾರ್ಜ್ ಆದ ಮೇಲೆ ತಿಂಗಳಿಗೊಮ್ಮೆ ಕರೆಯುತ್ತಾರೆ, ಆದರೆ ಕುಡಿಯುವ ಆಸೆ ದಿನವೂ ಬರುತ್ತದೆ. ಆದ್ದರಿಂದ ಆಸ್ಪತ್ರೆಯನ್ನು ಮತ್ತು ಸಂಜೆಯ ಒಂದು ಗುಂಪನ್ನು ಜೋಡಿಸಿಕೊಳ್ಳುವುದೇ ಜಾಣತನ. ಖಾಸಗಿ ಪುನರ್ವಸತಿ ಕೇಂದ್ರಗಳ ಖರ್ಚು ಎಷ್ಟೋ ಮನೆಗಳಿಗೆ ಹೊರಲಾರದ್ದು. ಸಾಲ ಮಾಡುವ ಮೊದಲು ಸರ್ಕಾರದ ಉಚಿತ ಸಹಾಯವಾಣಿ 14446ಕ್ಕೆ ಫೋನ್ ಮಾಡಿ ಹತ್ತಿರದ ಅನುದಾನಿತ ಕೇಂದ್ರ ಯಾವುದು ಕೇಳಿ. ಬಲವಂತವಾಗಿ ಎತ್ತಿಕೊಂಡು ಹೋಗುತ್ತೇವೆ, ತಿಂಗಳುಗಟ್ಟಲೆ ಮನೆಯವರನ್ನು ಭೇಟಿಗೆ ಬಿಡುವುದಿಲ್ಲ ಅನ್ನುವ ಜಾಗದಿಂದ ದೂರ ಇರಿ.

ಆನ್‌ಲೈನ್

ಕೋವಿಡ್ ಸಮಯದಿಂದ ಎಎ ಮೀಟಿಂಗ್‌ಗಳು ಜೂಮ್‌ನಲ್ಲಿ ಬಹಳ ಹೆಚ್ಚಿದವು. ತಾಲ್ಲೂಕಿನಲ್ಲಿ ಗುಂಪಿಲ್ಲದವರಿಗೆ, ಅಂಗವಿಕಲರಿಗೆ, ದುಬೈನಲ್ಲೋ ಅಮೆರಿಕದಲ್ಲೋ ಇದ್ದು ಕನ್ನಡದಲ್ಲಿ ಮಾತಾಡಬೇಕು ಅನ್ನುವವರಿಗೆ ಇದು ದೊಡ್ಡ ಆಸರೆ. ಸೇರುವ ಮೊದಲು ಪರದೆಯ ಮೇಲೆ ಕಾಣುವ ಹೆಸರನ್ನು ಬದಲಿಸಿಕೊಳ್ಳಿ. ಆಫೀಸಿನ ಅಕೌಂಟಿನಿಂದ ಸೇರಿದರೆ ಪೂರ್ತಿ ಹೆಸರು, ಫೋಟೊ ಎಲ್ಲರಿಗೂ ಕಾಣುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ.

ದೇವರ ಮಾತು ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಇನ್ನೊಂದು ಜಾಲವಿದೆ, 1994ರಿಂದ ನಡೆಯುತ್ತಿದೆ. ಯೋಚನೆ ಮತ್ತು ಅಭ್ಯಾಸ ಬದಲಿಸುವ ಮನಶ್ಶಾಸ್ತ್ರದ ವಿಧಾನ ಅವರದ್ದು. ತರಬೇತಿ ಪಡೆದವರು ನಡೆಸುತ್ತಾರೆ, ಸದಸ್ಯರು ಒಬ್ಬರಿಗೊಬ್ಬರು ಉತ್ತರ ಕೊಡಬಹುದು. ಆನ್‌ಲೈನ್‌ನಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಇಂಗ್ಲಿಷ್ ಸಭೆಗಳು. ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಬಲ್ಲವರು ಖಂಡಿತ ನೋಡಿ.

ಆನ್‌ಲೈನ್‌ನ ಒಂದು ಅಪಾಯ ನಾನು ಗಮನಿಸಿದ್ದೇನೆ. ಕ್ಯಾಮೆರಾ ಆಫ್ ಮಾಡಿ, ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡೂ ಮೀಟಿಂಗ್ ಕೇಳಬಹುದು. ಎದುರಿಗೆ ಕೂತವರು ನಿಮ್ಮ ಕಣ್ಣು ನೋಡಿ "ಏನಾಯ್ತು?" ಅನ್ನುವುದು ಇಲ್ಲಿ ಆಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ವಾರಕ್ಕೆ ಒಂದಾದರೂ ಮುಖಾಮುಖಿ ಮೀಟಿಂಗ್ ಇರಲಿ, ಬಸ್ಸಿನಲ್ಲಿ ಒಂದು ಗಂಟೆ ಹೋಗಬೇಕಾದರೂ ಸರಿ.

ಹೆಂಗಸರಿಗೆ, ಮನೆಯವರಿಗೆ

ಅದೇ 2019ರ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಹಾಗಾಗಿ ಸಾಮಾನ್ಯ ಮೀಟಿಂಗ್‌ನಲ್ಲಿ ನೀವೊಬ್ಬರೇ ಹೆಂಗಸು ಆಗಿರಬಹುದು. ಹೆಂಗಸರ ಮೀಟಿಂಗ್ ಇದೆಯೇ ಅಂತ ಫೋನಿನಲ್ಲೇ ಕೇಳಿ. ಮುಖಾಮುಖಿ ಸಿಗದಿದ್ದರೆ ಇಲ್ಲಿ ಮಾತ್ರ ನಾನು ಆನ್‌ಲೈನ್‌ಗೇ ಮೊದಲ ಸ್ಥಾನ ಕೊಡುತ್ತೇನೆ. ಸ್ಪಾನ್ಸರ್ ಆಗಿ ಹೆಂಗಸನ್ನೇ ಆರಿಸಿಕೊಳ್ಳಿ, ಎಎಯ ರೂಢಿಯೂ ಅದೇ. ಹೊಸಬರಾದ ನಿಮ್ಮ ಜೊತೆ ಯಾರಾದರೂ ಸಲಿಗೆ ಬೆಳೆಸಲು ನೋಡಿದರೆ ಗುಂಪಿನ ಹಿರಿಯರಿಗೆ ಹೇಳಿ. ಅದರಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಮನೆಯವರಿಗೆ ಅಲ್-ಅನಾನ್ ಇದೆ, 1951ರಲ್ಲಿ ಶುರುವಾದದ್ದು. ಕುಡಿಯುವವರು ಬಿಡಲಿ ಬಿಡದಿರಲಿ, ನೀವು ಹೋಗಬಹುದು. ಈ ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ಹಿಡಿದು ನಿಲ್ಲಿಸುವುದು ನಿಮ್ಮ ಕೈಯಲ್ಲಿಲ್ಲ ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಕೇಳುತ್ತದೆ. ವರ್ಷಗಟ್ಟಲೆ "ನೀನು ಸರಿ ಇದ್ದಿದ್ರೆ ಅವನು ಯಾಕೆ ಕುಡೀತಿದ್ದ" ಅಂತ ಕೇಳಿಸಿಕೊಂಡ ಹೆಂಡತಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಅಲ್ವಾ?

ಹಾಗಾದರೆ ನಿಮಗೆ ಯಾವುದು?

ಹಳ್ಳಿಯಲ್ಲಿದ್ದೀರಿ, ಮನೆಯವರು ಜೊತೆಗಿದ್ದಾರೆ, ಊರಿಗೆ ಗೊತ್ತಾದರೆ ಚಿಂತೆಯಿಲ್ಲ, ಎಂಟು ದಿನ ಬಿಡುವು ಮಾಡಿಕೊಳ್ಳಬಹುದು: ಶಿಬಿರ ಮತ್ತು ನವಜೀವನ ಸಮಿತಿ. ನಗರದಲ್ಲಿದ್ದೀರಿ, ಕೆಲಸ ಬಿಡಲಾಗದು, ಯಾರಿಗೂ ಗೊತ್ತಾಗಬಾರದು, ಕೈಯಲ್ಲಿ ದುಡ್ಡಿಲ್ಲ: ಎಎ, ನಿಮ್ಮ ಬಡಾವಣೆಗಿಂತ ಸ್ವಲ್ಪ ದೂರದ್ದು. ನಡುಕ, ಫಿಟ್ಸ್, ಖಿನ್ನತೆ ಇದೆ: ಮೊದಲು ಆಸ್ಪತ್ರೆ, ವಾರ್ಡಿನಲ್ಲಿರುವಾಗಲೇ ಎಎ ಸದಸ್ಯರು ಬರುತ್ತಾರೆಯೇ ಕೇಳಿ, ಹಲವು ಕಡೆ ಬರುತ್ತಾರೆ. ದೇವರನ್ನು ನಂಬುವುದಿಲ್ಲ, ಇಂಗ್ಲಿಷ್ ಸಲೀಸು: ಸ್ಮಾರ್ಟ್ ರಿಕವರಿ ಮತ್ತು ಒಬ್ಬ ಆಪ್ತಸಲಹೆಗಾರರು. ಒಂದು ಆರಿಸಿದರೆ ಇನ್ನೊಂದು ಬಿಡಬೇಕೆಂದಿಲ್ಲ. ಶಿಬಿರ ಮುಗಿಸಿ ಬೆಂಗಳೂರಿಗೆ ಕೆಲಸಕ್ಕೆ ಬಂದವರು ಎಎಗೆ ಹೋಗಬಹುದು.

ಒಂದು ಮೀಟಿಂಗ್ ನೋಡಿ ತೀರ್ಮಾನಿಸಬೇಡಿ. ಅಲ್-ಅನಾನ್‌ನಲ್ಲಿ ಕನಿಷ್ಠ ಆರು ಮೀಟಿಂಗ್ ನೋಡಿ ಆಮೇಲೆ ನಿರ್ಧರಿಸಿ ಅನ್ನುವ ರೂಢಿಯಿದೆ, ಅದು ಎಲ್ಲ ಗುಂಪಿಗೂ ಒಪ್ಪುತ್ತದೆ. ಮಧ್ಯೆ ಕುಡಿದುಬಿಟ್ಟರೆ? ಮತ್ತೆ ಹೋಗಿ. ಎಎಯಲ್ಲಿ ಅದಕ್ಕಾಗಿ ಹೊರಗೆ ಹಾಕುವುದಿಲ್ಲ. ಬೇರೆ ಗುಂಪಾದರೆ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ. ರಾತ್ರಿ ಹೊತ್ತು ಮನಸ್ಸು ತೀರಾ ಕುಸಿದು, ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡುತ್ತಾರೆ.

ನಿಮ್ಮ ತಾಲ್ಲೂಕಿನಲ್ಲಿ ಯಾವ ಗುಂಪೂ ಇಲ್ಲದಿದ್ದರೆ ಇನ್ನೊಂದು ದಾರಿಯಿದೆ. ಎಎಯ ಪದ್ಧತಿಯ ಪ್ರಕಾರ ಕುಡಿತ ಬಿಡಲು ಇಬ್ಬರು ಮೂವರು ಕೂಡಿದರೂ ಅದು ಗುಂಪೇ. ಹತ್ತಿರದ ನಗರದ ಎಎ ಕಚೇರಿಗೆ ಫೋನ್ ಮಾಡಿ ಕನ್ನಡದ ಪುಸ್ತಿಕೆ ಕೇಳಿ, ಮೊದಲ ಕೆಲವು ಸಭೆಗೆ ಹಳೆಯ ಸದಸ್ಯರು ಬರಬಹುದೇ ವಿಚಾರಿಸಿ. ಶಾಲೆಯ ಕೋಣೆ, ಗ್ರಂಥಾಲಯದ ಹಾಲ್, ಯಾವುದಾದರೂ ಆದೀತು. ದಿನ, ಹೊತ್ತು ಒಂದೇ ಇರಲಿ, ಒಬ್ಬರೇ ಬಂದ ವಾರವೂ ಮೀಟಿಂಗ್ ರದ್ದು ಮಾಡಬೇಡಿ. ನಿಮಗೆ ಔಷಧಿ ಕೊಟ್ಟ ಡಾಕ್ಟರಿಗೂ ತಿಳಿಸಿಡಿ, ಮುಂದೆ ಬರುವ ರೋಗಿಗಳನ್ನು ಅವರು ನಿಮ್ಮಲ್ಲಿಗೆ ಕಳಿಸಬಹುದು.